ತಪ್ಪಾಯ್ತು ಅನ್ನಿಸಲು ಹೊರಟ ಚಿಕ್ಕಮ್ಮ

ನಾನು ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಕಛೇರಿಯಲ್ಲಿ ಟೈಪಿಸ್ಟಾಗಿದ್ದೆ. ಮುಳಬಾಗಿಲೋ, ಶ್ರೀನಿವಾಸಪುರವೋ, ಮಾಲೂರೋ ಎಂದು ಕೇಳಬೇಡಿ. ನನ್ನ ಪಿಂಚಣಿ ಇನ್ನೂ ಅದೇ ಜಿಲ್ಲೆಯ ಖಜಾನೆಯಿಂದ ಬರುತ್ತಿದೆ. ನೌಕರಿಗೆ ಸೇರಿ ಸ್ವಲ್ಪ ದಿನಕ್ಕೇ ಎಮರ್ಜೆನ್ಸಿ ಬಂತು. ಅದುವರೆಗೆ ಊಟದ ಹೊತ್ತಿಗೆ ಎಲೆಅಡಿಕೆ ಜಗಿಯುತ್ತಾ ಬರುತ್ತಿದ್ದ ಶಿರಸ್ತೇದಾರರು ಬಾಗಿಲು ತೆಗೆಯುವ ಮೊದಲೇ ಬಂದು ಜಗುಲಿಯ ಮೇಲೆ ಕಾಯತೊಡಗಿದರು. ಅಷ್ಟು ಬೇಗ ಬಂದು ಮಾಡುವುದೇನು ಎಂಬುದು ಅವರಿಗೂ ಗೊತ್ತಿರಲಿಲ್ಲ. ಎಪ್ಪತ್ತಾರರಲ್ಲಿ ಆ ಚಿಂತೆಯೂ ತಪ್ಪಿತು. ಮೇಲಿನಿಂದ ಕೆಲಸ ಬಂತು. ಕುಟುಂಬ ಯೋಜನೆಯ ಆಪರೇಷನ್ನಿಗೆ ಗಂಡಸರನ್ನು ಹಿಡಿದು ತರುವ ಕೆಲಸ.

ಅಲ್ಲಿಯವರೆಗೆ ನಮ್ಮ ಕಛೇರಿಯಲ್ಲಿ ಕೇಸು ಎಂದರೆ ಜಮೀನಿನ ಕೇಸು. ಆಮೇಲೆ ಕೇಸು ಎಂದರೆ ಮನುಷ್ಯ. ಬೆಳಿಗ್ಗೆ ಕಾಫಿ ಕುಡಿಯುವಾಗ ಗುಮಾಸ್ತರು ಒಬ್ಬರನ್ನೊಬ್ಬರು "ನಿಮ್ಮ ಕೇಸು ಸಿಕ್ತೇನ್ರೀ?" ಎಂದು ಕೇಳುತ್ತಿದ್ದರು. ಕೇಸು ತರದಿದ್ದರೆ ಇನ್‌ಕ್ರಿಮೆಂಟ್ ನಿಲ್ಲಿಸುತ್ತಾರೆ ಎಂಬ ಭಯ ಎಲ್ಲರಿಗೂ. ಒಂದು ದಿನ ಶಿರಸ್ತೇದಾರರು ನನ್ನ ಮೇಜಿನ ಹತ್ತಿರವೂ ಬಂದರು.

"ನೀನೂ ಒಂದಿಬ್ಬರು ಗಂಡಸರನ್ನ ತರಬೇಕಾಗುತ್ತಮ್ಮ."

"ನನಗೆ ಒಬ್ಬ ಗಂಡಸನ್ನ ಹುಡುಕೋಕೆ ನಮ್ಮಪ್ಪನ ಕೈಲೇ ಆಗ್ತಿಲ್ಲ ಸಾರ್. ನಾನು ಇಬ್ಬರನ್ನ ಎಲ್ಲಿಂದ ತರಲಿ?"

ಅವರು ಕೆಂಪಗಾಗಿ ಹೋದವರು ಮತ್ತೆ ಆ ವಿಷಯ ಎತ್ತಲಿಲ್ಲ. ನಾನು ಪಾರಾದೆ. ನಮ್ಮ ಚಿಕ್ಕಪ್ಪ ಪಾರಾಗಲಿಲ್ಲ.

ಚಿಕ್ಕಪ್ಪ ಎಂದರೆ ನನ್ನ ಅಪ್ಪನ ತಮ್ಮ. ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವಿನ ಒಂದು ಹಳ್ಳಿಯಲ್ಲಿ ರಾಗಿ, ಟೊಮೇಟೊ, ಒಂದಿಷ್ಟು ಹಿಪ್ಪುನೇರಳೆ ಬೆಳೆದುಕೊಂಡಿದ್ದ. ಮಾತಿನ ಮಲ್ಲ. ಮನೆಯಲ್ಲಿ ಕನ್ನಡ, ಹೊಲದಲ್ಲಿ ತೆಲುಗು, ಎತ್ತುಗಳ ಜೊತೆ ಎರಡೂ. ಅವನಿಗೆ ಆಗ ಇದ್ದದ್ದು ಒಂದೇ ಆಸೆ: ಬಾವಿಗೆ ಪಂಪ್‌ಸೆಟ್ಟು. ಮೋಟಾರು ತಂದು ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದಿಸಿ ಇಟ್ಟಿದ್ದ. ಕರೆಂಟಿನ ಲೈನ್ ಮಾತ್ರ ಬರಲೊಲ್ಲದು. ವಾರವಾರವೂ ಹೋಗಿ ಊರಿನ ಶಾನುಭೋಗರನ್ನು ಕೇಳುವುದು, ಅವರು ಆಯ್ತಯ್ಯ ಎನ್ನುವುದು, ಇವನು ಬರಿಗೈಯಲ್ಲಿ ಬರುವುದು. ಆ ಹುದ್ದೆಯ ಹೆಸರು ವಿಲೇಜ್ ಅಕೌಂಟೆಂಟ್ ಎಂದು ಬದಲಾಗಿತ್ತು, ಆದರೆ ಊರವರಿಗೆ ಅವರು ಶಾನುಭೋಗರೇ.

ಮುಂದೆ ಆದದ್ದನ್ನು ಚಿಕ್ಕಪ್ಪ ಎಷ್ಟೋ ಸಲ ಹೇಳಿದ್ದಾನೆ. ಅವನ ಬಾಯಲ್ಲೇ ಕೇಳಬೇಕು.

"ಶಾನುಭೋಗಪ್ಪ ಜೀಪಲ್ಲಿ ಬಂದ ಕಣೇ. 'ಹತ್ತೋ, ಕರೆಂಟು ಸಾಹೇಬರು ಮಿಶನ್ ಆಸ್ಪತ್ರೆ ತಾವ ಬಂದವ್ರೆ, ಇವತ್ತೇ ನಿನ್ನ ಲೈನ್ ಕೆಲಸ ಮುಗಿಸಿಬಿಡಾಣ' ಅಂದ. ಸಾಹೇಬರನ್ನ ನೋಡೋಕೆ ಅಂತ ನಾನು ಒಗೆದ ಪಂಚೆ ಉಟ್ಕೊಂಡೆ. ಜೀಪಲ್ಲಿ ಆಗಲೇ ನಾಕೈದು ಜನ ಒಗೆದ ಪಂಚೆನೋರು ಕೂತವ್ರೆ. ಒಬ್ಬನಿಗೆ ಸಾಲ ಮಂಜೂರು, ಇನ್ನೊಬ್ಬನಿಗೆ ಪಹಣಿ. ಅಲ್ಲಿ ಹೋದರೆ ಕರೆಂಟು ಸಾಹೇಬ ಇಲ್ಲ, ಬಿಳೀ ಕೋಟಿನೋರು ಅವ್ರೆ. 'ಮಲಕ್ಕೋ, ಸಣ್ಣದೊಂದು ಪರೀಕ್ಷೆ' ಅಂದ್ರು. ಕರೆಂಟಿಗೆ ನನ್ನನ್ನ ಯಾಕೆ ಪರೀಕ್ಷೆ ಮಾಡ್ತಾರೆ ಅಂತ ಕೇಳೋ ಬುದ್ಧಿ ನನಗೆ ಬರ್ಲಿಲ್ಲ. ಡಾಕ್ಟ್ರು 'ಎಷ್ಟು ಮಕ್ಕಳು?' ಅಂದ್ರು. ಶಾನುಭೋಗಪ್ಪ ಬಾಗಿಲಲ್ಲೇ ನಿಂತ್ಕೊಂಡು 'ಮೂರು ಸಾರ್' ಅಂದ. ನಾನು ಬೇರೆ ಯಾರದೋ ವಿಷಯ ಅಂದ್ಕೊಂಡೆ. ಗೋಡೆ ಮ್ಯಾಲೆ ಏಸುಸ್ವಾಮಿ ಒಂದು ಕುರಿಮರಿ ಎತ್ಕೊಂಡು ನಗ್ತಾ ಇದ್ದ. ಕುರಿ ಯಾವುದು ಅಂತ ಎದ್ದ ಮ್ಯಾಲೆ ಗೊತ್ತಾಯ್ತು."

ಅವನಿಗಿದ್ದದ್ದು ಒಬ್ಬಳೇ ಮಗಳು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ, ಎರಡು ಬಸಿರು ನಿಲ್ಲದೆ ಹೋದ ಮೇಲೆ ಹುಟ್ಟಿದವಳು. ಆಗ ಅವಳಿಗೆ ಮೂರು ವರ್ಷ. ಶಾನುಭೋಗರು ವಯಸ್ಸನ್ನೇ ಮಕ್ಕಳ ಲೆಕ್ಕಕ್ಕೆ ಸೇರಿಸಿಬಿಟ್ಟರೋ ಏನೋ.

ಆ ಆಸ್ಪತ್ರೆ ಒಂದು ಸಣ್ಣ ಮಿಶನ್ನಿನದು, ಈಗ ಅದಿಲ್ಲ. ಡಾಕ್ಟರುಗಳು ಸರ್ಕಾರದವರು, ಕಟ್ಟಡ, ಮಂಚ, ನರ್ಸಮ್ಮ ಎಲ್ಲ ಮಿಶನ್ನಿನದು. ಆಪರೇಷನ್ ಕ್ಯಾಂಪ್ ಶುರುವಾಗುವ ಮುಂಚೆ ಪಾದ್ರಿಗಳು ಬಂದು ಪ್ರಾರ್ಥನೆಯನ್ನೂ ಮಾಡಿದ್ದರಂತೆ. ಅಂದರೆ ಚಿಕ್ಕಪ್ಪನನ್ನು ಕತ್ತರಿಸಲು ಭೂಮಿಯ ಸರ್ಕಾರ, ಪರಲೋಕದ ಸರ್ಕಾರ ಎರಡೂ ಕೈಜೋಡಿಸಿದ್ದವು. ನಮ್ಮ ಜಿಲ್ಲೆಯಲ್ಲಿ ಎರಡು ಇಲಾಖೆಗಳು ಅಷ್ಟು ಹೊಂದಿಕೊಂಡು ಮಾಡಿದ ಬೇರೆ ಕೆಲಸ ನಾನಂತೂ ನೋಡಿಲ್ಲ.

ಮಾತಿಗೆ ತಪ್ಪದ ಹಾಗೆ ಕೆಲವೇ ದಿನಗಳಲ್ಲಿ ಕಂಬ ನೆಟ್ಟು ಲೈನ್ ಎಳೆದರು. ಊರವರು ಆಡಿಕೊಳ್ಳುವ ಮೊದಲೇ ಚಿಕ್ಕಪ್ಪ ತಾನೇ ಆಡಿಕೊಂಡ. "ಬಾವಿಗೆ ಲೈನ್ ಕೊಟ್ರು, ನನ್ನ ಲೈನ್ ಕಟ್ ಮಾಡಿದ್ರು." ಅರಳಿಕಟ್ಟೆಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ನಗದೆ ಇದ್ದವಳು ಚಿಕ್ಕಮ್ಮ ಒಬ್ಬಳೇ.

ಚಿಕ್ಕಮ್ಮನ ತವರು ದೇವರಾಯಸಮುದ್ರ. ಗಿಡ್ಡಗಿನ, ಗಟ್ಟಿಮುಟ್ಟಾದ ಹೆಂಗಸು. ಓದು ಬರಹ ಇಲ್ಲ. ಗಂಡ ಹತ್ತು ಮಾತಾಡಿದರೆ ಅವಳು ಒಂದಾಡುತ್ತಿದ್ದಳು, ಆ ಒಂದರಲ್ಲೇ ಅವನ ಹತ್ತೂ ಮುಚ್ಚಿಹೋಗುತ್ತಿದ್ದವು. ಆಪರೇಷನ್ ಆದ ದಿನ ಗಂಡ ಕಾಲಗಲಿಸಿಕೊಂಡು ನಡೆದು ಬಂದು ಆದದ್ದನ್ನು ಹೇಳಿದಾಗ ಅವಳು ಕೇಳಿದ್ದು ಇಷ್ಟೇ: "ನನ್ನ ಕೇಳಿದ್ರಾ?" ಆಮೇಲೆ ತಿಂಗಳುಗಟ್ಟಲೆ ಅವಳು ಆ ವಿಷಯ ಆಡಲಿಲ್ಲ. ಅತ್ತದ್ದನ್ನೂ ನಾವು ಯಾರೂ ನೋಡಲಿಲ್ಲ.

ಎಲೆಕ್ಷನ್ ಆಗಿ ಎಮರ್ಜೆನ್ಸಿ ಮುಗಿಯಿತು. ಜನ ಬಾಯಿ ಬಿಡತೊಡಗಿದರು. ಆ ಬೇಸಿಗೆಯಲ್ಲಿ ಒಂದು ದಿನ ಪಕ್ಕದ ಮನೆಯಾಕೆ ಚಿಕ್ಕಮ್ಮನ ಹತ್ತಿರ ಬಂದಳು. ಅವಳ ಸೊಸೆಗೆ ದಿನ ತುಂಬಿತ್ತು. "ನಿಮ್ಮ ತೊಟ್ಟಿಲು ಅಟ್ಟದ ಮ್ಯಾಲೆ ಸುಮ್ನೆ ಧೂಳು ಹಿಡೀತಾ ಐತಲ್ಲಕ್ಕ. ಇನ್ನು ನಿಮಗೇನು ಬೇಕಾಗಲ್ಲ. ಕೊಟ್ಟುಬಿಡು" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಚಿಕ್ಕಮ್ಮ ಏಣಿ ಹಾಕಿ, ತೊಟ್ಟಿಲು ಇಳಿಸಿ, ಒರೆಸಿ, ಹಗ್ಗದ ಸಮೇತ ಕೊಟ್ಟಳು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ನನ್ನ ಕಛೇರಿಗೆ ಬಂದಿಳಿದಳು.

"ನೀನು ಸರ್ಕಾರದಲ್ಲಿದೀಯಲ್ಲ, ಅದರ ಹತ್ರ ನನ್ನ ಕರ್ಕೊಂಡೋಗು" ಎಂದಳು.

"ಯಾರ ಹತ್ರ ಚಿಕ್ಕಮ್ಮ?"

"ಸರ್ಕಾರದ ಹತ್ರ ಕಣೇ. ಅದು ಕೂತಿರೋ ಕಡೆ."

ನಮ್ಮ ಕಛೇರಿಯಲ್ಲಿ ಸರ್ಕಾರ ಕೂತಿರುತ್ತಿದ್ದದ್ದು ತಹಸೀಲ್ದಾರರ ಕೋಣೆಯಲ್ಲಿ. ಸಂಭಾವಿತರು, ಮಾತು ಮೆತ್ತಗೆ. ಚಿಕ್ಕಮ್ಮನನ್ನು ಕೂರಿಸಿ ಕಾಫಿ ತರಿಸಿದರು. ಎಲ್ಲ ಕೇಳಿ ತಲೆಯಾಡಿಸಿದರು.

"ಮೇಲಿನಿಂದ ಆರ್ಡರ್ ಇತ್ತಮ್ಮ. ನಮ್ಮ ಕೈಲೇನಿತ್ತು? ಆಪರೇಷನ್ನು ಅಂದ್ರೆ ಅದು ಆರೋಗ್ಯ ಇಲಾಖೆ. ನಡೆದದ್ದು ಮಿಶನ್ ಆಸ್ಪತ್ರೆಲಿ. ನಾವು ಬರೀ ಕಂದಾಯ ಇಲಾಖೆ. ಈಗ ಏನು ಪರಿಹಾರ ಬೇಕು ಹೇಳಿ, ಬರೆದು ಕಳಿಸೋಣ."

"ಪರಿಹಾರ ಬೇಡ ಸ್ವಾಮಿ. ತಪ್ಪಾಯ್ತು ಅನ್ನಿ."

"ಏನು?"

"ತಪ್ಪಾಯ್ತು ಅನ್ನಿ. ನಮ್ಮ ಮನೆಗೆ ಬಂದು, ನನ್ನ ಎದುರಿಗೆ. ಗೋಡೆ ಮ್ಯಾಲೆಲ್ಲಾ ನೀವೇ ಬರೆಸಿದ್ದೀರಲ್ಲ, ಆರತಿಗೊಬ್ಬಳು ಕೀರ್ತಿಗೊಬ್ಬ ಅಂತ? ನಮ್ಮನೇಲಿ ಆರತಿಗೊಬ್ಬಳು ಅವ್ಳೆ. ಕೀರ್ತಿಗೊಬ್ಬ ಎಲ್ಲಿ? ಲೆಕ್ಕದಲ್ಲಿ ಮೂರು ಅಂದ್ರಂತೆ. ಉಳಿದ ಎರಡು ನಿಮ್ಮ ಹತ್ರ ಇದ್ರೆ ಕೊಡಿ, ಸಾಕ್ಕೋತೀನಿ."

ತಹಸೀಲ್ದಾರರು ಕಾಫಿ ಲೋಟವನ್ನು ಅವಳ ಕಡೆ ಸರಿಸಿದರು. "ಸರ್ಕಾರಕ್ಕೆ ಹಾಗೆ ಹೇಳೋ ಪದ್ಧತಿ ಇಲ್ಲಮ್ಮ" ಎಂದರು.

ಅದು ಪೂರಾ ನಿಜವಲ್ಲ ಎಂದು ಟೈಪಿಸ್ಟಾದ ನನಗೆ ಗೊತ್ತಿತ್ತು. ನಮ್ಮ ಸರ್ಕಾರ ದಿನಾಲೂ ವಿಷಾದ ಪಡುತ್ತಿತ್ತು. ತಮ್ಮ ಅರ್ಜಿಯನ್ನು ಪರಿಗಣಿಸಲು ಸಾಧ್ಯವಿಲ್ಲವೆಂದು ವಿಷಾದದಿಂದ ತಿಳಿಸಲಾಗಿದೆ ಎಂದು ನಾನೇ ಬೆರಳು ನೋಯುವಷ್ಟು ಬಡಿಯುತ್ತಿದ್ದೆ. ಮಾಡಿದ್ದಕ್ಕೆ ವಿಷಾದ ಪಡಲು ಮಾತ್ರ ಅವಕಾಶವಿರಲಿಲ್ಲ. ಮಾಡುವುದಿಲ್ಲ ಎನ್ನುವುದಕ್ಕೆ ಧಾರಾಳವಾಗಿ ಇತ್ತು.

ಹೊರಗೆ ಬಂದ ಮೇಲೆ ಚಿಕ್ಕಮ್ಮ ಶಾನುಭೋಗರ ಮನೆಗೆ ಹೋದಳು. ಅವರು "ತಹಸೀಲ್ದಾರರು ಹೇಳಿದ್ರು, ನಾನು ಮಾಡಿದೆ" ಎಂದರು. ಕೋಲಾರದ ದೊಡ್ಡ ಕಛೇರಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲಿ ಒಬ್ಬರು ಬೆಂಗಳೂರು ಎಂದರು. ಬೆಂಗಳೂರಿನವರು ಡೆಲ್ಲಿ ಅನ್ನುತ್ತಾರೆ ಎಂದು ಅಲ್ಲಿನ ಪೇದೆಯೇ ಮೊದಲೇ ಹೇಳಿ ನಮಗೆ ಬಸ್ ಚಾರ್ಜು ಉಳಿಸಿಕೊಟ್ಟ. ವಾಪಸ್ ಬರುವಾಗ ಬಸ್ಸಿನಲ್ಲಿ ಚಿಕ್ಕಮ್ಮ ಹೇಳಿದಳು: "ಎಲ್ಲಾರೂ ಮ್ಯಾಲೆ ಮ್ಯಾಲೆ ಅಂತಾರಲ್ಲೇ. ಮ್ಯಾಲೆ ಯಾರೂ ಇಲ್ಲ ಅನ್ಸುತ್ತೆ."

ಆದ್ದರಿಂದ ಅವಳು ಮಿಶನ್ನಿಗೆ ತಿರುಗಿದಳು. ಅಲ್ಲಾದರೂ ಮೇಲೆ ಒಬ್ಬನಿದ್ದಾನೆ ಎನ್ನುತ್ತಾರಲ್ಲ.

ಪಾದ್ರಿಗಳು ನಮ್ಮ ಕಡೆಯವರೇ, ತೆಲುಗು ಮಾತಿನವರು, ನಡುವಯಸ್ಸು, ಸಣಕಲು. ಅವರೂ ಕೂರಿಸಿದರು. ಕಾಫಿ ಬದಲು ಟೀ ಕೊಟ್ಟರು. ಉತ್ತರ ಮಾತ್ರ ತಹಸೀಲ್ದಾರರದೇ. "ನಾವು ಕಟ್ಟಡ ಕೊಟ್ವಿ ಅಷ್ಟೇ ತಾಯಿ. ಮಾಡಿದವರು ಸರ್ಕಾರದ ಡಾಕ್ಟರು. ಆ ಕಾಲದಲ್ಲಿ ಬೇಡ ಅನ್ನೋಕೆ ಯಾರಿಗೆ ಧೈರ್ಯ?"

"ಕುರಿ ಕುಯ್ಯೋಕೆ ಅಂಗಳ ಬಿಟ್ಟುಕೊಟ್ಟೋನಿಗೆ ನಮ್ಮೂರಲ್ಲಿ ಒಂದು ಪಾಲು ಬರುತ್ತೆ" ಎಂದಳು ಚಿಕ್ಕಮ್ಮ. "ಇದರಲ್ಲೂ ನಿಮಗೊಂದು ಪಾಲೈತೆ."

ಪಾದ್ರಿಗಳು "ನಿಮಗೋಸ್ಕರ ಭಾನುವಾರ ಪ್ರಾರ್ಥನೆ ಮಾಡ್ತೀವಿ" ಎಂದರು. ಸಾಗಹಾಕುವ ಮಾತು. ಚಿಕ್ಕಮ್ಮ ಅದನ್ನು ಕರೆಯೋಲೆ ಎಂದುಕೊಂಡಳು.

ಭಾನುವಾರ ಅವಳು ತವರಿನವರು ಕೊಟ್ಟ ಹಸಿರು ಸೀರೆಯುಟ್ಟು, ಹೂ ಮುಡಿದು, ಹಣೆ ತುಂಬ ಕುಂಕುಮ ಇಟ್ಟು ಬಂದಳು. ನಾನು ಜೊತೆಗೆ ಹೋದೆ. ಚರ್ಚಿನೊಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ಚಪ್ಪಲಿ ಬಿಡಬೇಕೋ ಬೇಡವೋ ಗೊತ್ತಾಗದೆ ಒಂದು ಬಿಟ್ಟು ಒಂದು ಹಾಕಿಕೊಂಡು ಒದ್ದಾಡಿದೆ. ಹೆಂಗಸರ ಸಾಲಿನಲ್ಲಿ ಕಡೆಯ ಬೆಂಚಿನಲ್ಲಿ ಕುಳಿತೆವು. ಹಾಡಾಯಿತು. ಹಾರ್ಮೋನಿಯಂ ಬಾರಿಸುವವನು ಒಂದೇ ಸಮ ಒಂದು ಸ್ವರ ಮುಂದಿರುತ್ತಿದ್ದ. ಆಮೇಲೆ ಎಲ್ಲರೂ ಮೊಣಕಾಲೂರಿ, ಪುಸ್ತಕ ನೋಡದೆ, ಒಟ್ಟಿಗೆ ಏನೋ ಹೇಳತೊಡಗಿದರು. ನಾವು ತಪ್ಪು ಮಾಡಿದ್ದೇವೆ, ಮಾಡಬೇಕಾದ್ದನ್ನು ಮಾಡಲಿಲ್ಲ, ಮಾಡಬಾರದ್ದನ್ನು ಮಾಡಿದೆವು, ಹೀಗೆ.

ಚಿಕ್ಕಮ್ಮ ನನ್ನ ತೋಳು ಹಿಡಿದಳು. "ಲೇ, ಒಪ್ಕೊಂಡ್ರಾ?" ಎಂದು ಪಿಸುಗುಟ್ಟಿದಳು. "ಇಷ್ಟು ಜನವೂ ಒಪ್ಕೊಂಡ್ರಾ?"

"ಇದು ಪ್ರತಿ ವಾರ ಹೇಳೋದಂತೆ ಚಿಕ್ಕಮ್ಮ."

"ಪ್ರತಿ ವಾರ? ಯಾರಿಗೆ?"

"ದೇವರಿಗೆ."

ಅವಳು ಎದ್ದು ನಿಂತಳು. ಮೊಣಕಾಲೂರಿದ ಅಷ್ಟು ಜನರ ಮಧ್ಯೆ ಹೂ ಮುಡಿದು ನಿಂತವಳು ಅವಳೊಬ್ಬಳೇ.

"ಸ್ವಾಮಿ" ಎಂದಳು. ದೊಡ್ಡ ದನಿಯಲ್ಲ, ಆದರೆ ಹೊಲದ ಆ ಬದುವಿನಿಂದ ಈ ಬದುವಿಗೆ ಕೂಗಿ ಅಭ್ಯಾಸವಾದ ದನಿ. "ಕತ್ತರಿ ಬಿದ್ದಿದ್ದು ನಿಮ್ಮ ದೇವರಿಗಾ? ನನ್ನ ಮನೆಗೆ ಅಲ್ವಾ? ಅವನ ಹತ್ರ ಯಾಕೆ ತಪ್ಪಾಯ್ತು ಅಂತೀರಿ? ಅವನು ಗೋಡೆ ಮ್ಯಾಲೆ ಕುರಿ ಎತ್ಕೊಂಡು ನೋಡ್ತಾ ಇದ್ದ, ಒಂದು ಮಾತೂ ಆಡ್ಲಿಲ್ಲ. ನಾನು ಇಲ್ಲಿ ಇವ್ನಿ. ನನಗೆ ಚೆಪ್ಪಯ್ಯಾ. ನನಗೆ ಹೇಳಿ."

ಸಿಟ್ಟು ಬಂದರೆ ಚಿಕ್ಕಮ್ಮನಿಗೆ ನಡುವೆ ತೆಲುಗು ನುಗ್ಗುತ್ತಿತ್ತು.

ಮುಂದಿನ ಬೆಂಚಿನಿಂದ ಕೋಟು ಹಾಕಿದ ಹಿರಿಯರೊಬ್ಬರು ಎದ್ದು, "ಯಾರ್ರೀ ಇದು? ಹೊರಗೆ ಕಳಿಸಿ! ಇದೇನು ಪಂಚಾಯ್ತಿ ಕಟ್ಟೇನಾ?" ಎಂದು ಕೂಗಿದರು. ಇಬ್ಬರು ಗಂಡಸರು ನಮ್ಮ ಕಡೆ ಬಂದರು. ನಾನು ಚಿಕ್ಕಮ್ಮನ ಸೆರಗು ಜಗ್ಗಿದೆ. ಅಷ್ಟರಲ್ಲಿ ನಮ್ಮ ಮುಂದಿನ ಸಾಲಿನಿಂದ ಬಿಳಿ ಸೀರೆಯ ವಯಸ್ಸಾದ ಹೆಂಗಸೊಬ್ಬರು ಬೆಂಚು ಹಿಡಿದುಕೊಂಡು ಎದ್ದರು. ಆ ಆಸ್ಪತ್ರೆಯ ಹಳೆಯ ನರ್ಸಮ್ಮ.

"ಆಯಮ್ಮನ್ನ ಮುಟ್ಟಬೇಡಿ" ಎಂದರು. "ಅವತ್ತು ನಾನು ಒಳಗೇ ಇದ್ದೆ. ಇವರ ಯಜಮಾನ್ರು ಲೈನ್ ಯಾವಾಗ ಬರುತ್ತೆ ಅಂತ ನನ್ನನ್ನೇ ಕೇಳ್ತಾ ಇದ್ರು. ಅವರಿಗೆ ಏನೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪಾಸ್ಟರಿಗೂ ಗೊತ್ತಿತ್ತು."

ಹಾರ್ಮೋನಿಯಂನವನು ಗಾಬರಿಯಲ್ಲಿ ಯಾವುದೋ ಸ್ವರದ ಮನೆಯ ಮೇಲೆ ಕೈಯಿಟ್ಟು ಸಣ್ಣಗೊಂದು ಪೀಂ ಎನ್ನಿಸಿದ. ನಾವಿಬ್ಬರೂ ಹೊರಗೆ ಬಂದೆವು. ನನ್ನ ಕಾಲಲ್ಲಿ ಆಗಲೂ ಒಂದೇ ಚಪ್ಪಲಿ. ಮರದ ಕೆಳಗೆ ನಿಂತಾಗ ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, "ಆ ಪೆಟ್ಟಿಗೆ ಬಾರಿಸೋನಿಗೆ ತಾಳವೇ ಇಲ್ಲ" ಎಂದಳು.

ವಾರ ಕಳೆದ ಮೇಲೆ ಪಾದ್ರಿಗಳು ಸೈಕಲ್ ತುಳಿದುಕೊಂಡು ಹಳ್ಳಿಗೆ ಬಂದರು. ನಾನು ರಜಕ್ಕೆ ಅಲ್ಲೇ ಇದ್ದೆ. ಬಿಸಿಲಲ್ಲಿ ಬೆವೆತು ಅವರ ಅಂಗಿ ಬೆನ್ನಿಗಂಟಿತ್ತು. ಅವರನ್ನು ನೋಡಿದ್ದೇ ಚಿಕ್ಕಪ್ಪ ಹಿತ್ತಲ ಬಾಗಿಲಿನಿಂದ ಜಾರುವುದರಲ್ಲಿದ್ದ. ಚಿಕ್ಕಮ್ಮ ಅವನನ್ನು ಕಣ್ಣಲ್ಲೇ ಹಿಡಿದು ಕೂರಿಸಿದಳು. ಮಜ್ಜಿಗೆ ಕೊಟ್ಟಳು. ಪಾದ್ರಿಗಳು ಕುಡಿದು, ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು.

"ಅವತ್ತು ನಡೆದದ್ದರಿಂದ ನಿಮ್ಮ ಮನಸ್ಸಿಗೆ ನೋವಾಗಿದ್ದರೆ ದಯವಿಟ್ಟು..."

"ಆ 'ರೆ' ತೆಗೀರಿ ಸ್ವಾಮಿ" ಎಂದಳು ಚಿಕ್ಕಮ್ಮ.

"ಏನಮ್ಮ?"

"ನೋವಾಗಿದ್ದರೆ ಅಂದ್ರಲ್ಲ, ಆ ಕಡೇದು. ರೆ. ತೆಗೀರಿ."

ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. "ಬಿಡೇ, ದೊಡ್ಡೋರು ಬಿಸಿಲಲ್ಲಿ ಬಂದವ್ರೆ. ಸ್ವಾಮಿ, ಇನ್ನೊಂದು ಲೋಟ ಕುಡೀರಿ."

"ನೀವು ಸುಮ್ನಿರಿ. ನಿಮ್ಮದು ನೀವು ನಗಾಡ್ಕೊಂಡು ಮುಗಿಸಿದ್ರಿ. ಇದು ನಂದು."

ಪಾದ್ರಿಗಳು ತಲೆ ತಗ್ಗಿಸಿ ಕುಳಿತಿದ್ದರು. ಒಂದು ಕೋಳಿ ಅವರ ಚಪ್ಪಲಿಯ ಹತ್ತಿರ ಏನನ್ನೋ ಕುಕ್ಕುತ್ತಿತ್ತು. ಅವರು ಅದನ್ನೇ ನೋಡುತ್ತಾ, ಈ ಸಲ ಪುಸ್ತಕದ ಭಾಷೆ ಬಿಟ್ಟು ಮಾತಾಡಿದರು. "ನೋವಾಗಿದೆ. ನಿಮ್ಮ ಯಜಮಾನ್ರಿಗೆ ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ಆಸ್ಪತ್ರೆಗೆ ತೊಂದರೆ ಆಗುತ್ತೆ ಅಂತ ಹೆದರಿಕೊಂಡು ಸುಮ್ಮನಿದ್ದೆ. ಪ್ರಾರ್ಥನೆ ಬೇರೆ ಮಾಡಿದೆ. ತಪ್ಪಾಯ್ತು ತಾಯಿ."

ಚಿಕ್ಕಮ್ಮ ಖಾಲಿ ಲೋಟ ಎತ್ತಿಕೊಂಡು, "ಹೂಂ" ಎಂದಳು. ಆಮೇಲೆ, "ಇದನ್ನೇ ಚರ್ಚಲ್ಲೂ ಹೇಳಿ. ಆಸ್ಪತ್ರೆ ಬಾಗಿಲು ತೆಗೆದುಕೊಟ್ಟೋರು ಅಲ್ಲಿಯೋರು."

"ಅಲ್ಲಿ ಹೇಳಿದ್ರೆ ನನಗೆ ಟ್ರಾನ್ಸ್‌ಫರ್ ಆಗುತ್ತಮ್ಮ."

ದೇವರ ಕೆಲಸದಲ್ಲೂ ಟ್ರಾನ್ಸ್‌ಫರ್ ಇದೆ ಎಂದು ನನಗೆ ತಿಳಿದದ್ದು ಆಗಲೇ. ಆ ಮನುಷ್ಯನ ಮೇಲೆ ತಟ್ಟನೆ ಒಂದು ರೀತಿಯ ಅಕ್ಕರೆ ಬಂತು. ನಾವಿಬ್ಬರೂ ಒಂದೇ ಜಾತಿಯ ನೌಕರರು ಅನ್ನಿಸಿತು.

ಆದರೂ ಅವರು ಹೇಳಿದರು. ಎರಡು ಭಾನುವಾರ ಕಳೆದ ಮೇಲೆ, ಅದೇ ಚರ್ಚಿನಲ್ಲಿ, ಎಲ್ಲರೂ ದೇವರಿಗೆ ತಪ್ಪು ಒಪ್ಪಿಸಿ ಮುಗಿಸಿದ ಮೇಲೆ ಪಾದ್ರಿಗಳು ಕೆಳಗಿಳಿದು, ನಡುವಿನ ದಾರಿಯಲ್ಲಿ ನಡೆದು ಬಂದು, ಚಿಕ್ಕಮ್ಮ ಕೂತ ಬೆಂಚಿನ ಎದುರು ನಿಂತು ಹೇಳಿದರು. 'ರೆ' ಇರಲಿಲ್ಲ. ಕೋಟಿನ ಹಿರಿಯರು ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಹೊರಗೆ ಹೋದರು. ಯಾರದೋ ಮಗು ಒಂದೇ ಸಮನೆ ಅಳುತ್ತಿದ್ದುದರಿಂದ ಅರ್ಧ ಮಾತು ಹಿಂದಿನವರಿಗೆ ಕೇಳಿಸಲೂ ಇಲ್ಲ. ಚಿಕ್ಕಮ್ಮನಿಗೆ ಕೇಳಿಸಿತು. ಅವಳು ಎದ್ದು ಕೈಮುಗಿದಳು. ಅಷ್ಟೇ ಆದದ್ದು. ಹೊರಗೆ ಬಂದ ಮೇಲೆ ಏನನ್ನಿಸಿತು ಚಿಕ್ಕಮ್ಮ ಎಂದು ಕೇಳಿದೆ. "ಹಲ್ಲಲ್ಲಿ ಸಿಕ್ಕಿದ್ದ ನಾರು ಬಂದಂಗಾಯ್ತು" ಎಂದಳು. "ಹಲ್ಲು ನೋವು ಹಂಗೇ ಐತೆ."

ಅದೇ ವರ್ಷ ಪಾದ್ರಿಗಳಿಗೆ ಟ್ರಾನ್ಸ್‌ಫರ್ ಆಯಿತು. ಅದಕ್ಕೇ ಆಯಿತೋ, ಸಹಜವಾಗಿ ಆಯಿತೋ, ನನಗೆ ಗೊತ್ತಿಲ್ಲ. ಹೊರಡುವ ಮುಂಚೆ ಚಿಕ್ಕಮ್ಮ ಅವರಿಗೆ ಒಂದು ಬುಟ್ಟಿ ಬಾದಾಮಿ ಮಾವಿನಹಣ್ಣು ಕಳಿಸಿದಳು.

ಸರ್ಕಾರದ್ದು ಬೇರೆ ಕಥೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸುವ ಆಪರೇಷನ್ನು ಬಿಟ್ಟಿಯಾಗಿ ಮಾಡುತ್ತೇವೆ ಎಂದು ಒಂದು ದಿನ ಆರೋಗ್ಯ ಇಲಾಖೆಯವರು ಹೇಳಿಕಳಿಸಿದರು. ಚಿಕ್ಕಪ್ಪ ಬೆಂಗಳೂರಿಗೆ ಹೋಗಿ ಅದನ್ನೂ ಮಾಡಿಸಿಕೊಂಡು ಬಂದ. "ಹಳೇ ವೈರು, ಕರೆಂಟು ಹರಿಯಲ್ಲ" ಎಂದು ಅವನೇ ಹೇಳಿದ. ವರ್ಷಗಳು ಹೋದವು, ಹರಿಯಲಿಲ್ಲ. ಆ ಮಾತಿಗೆ ಅರಳಿಕಟ್ಟೆಯಲ್ಲಿ ಯಾರೂ ಹಿಂದಿನ ಹಾಗೆ ನಗಲಿಲ್ಲ. ಅವನೂ ಆಮೇಲೆ ಆ ತಮಾಷೆ ಬಿಟ್ಟ.

ಚಿಕ್ಕಮ್ಮ ಬಿಡಲಿಲ್ಲ. ವರ್ಷಕ್ಕೊಂದು ಸಲ, ರಾಗಿ ಕಣ ಮುಗಿದ ಮೇಲೆ, ಕಛೇರಿಗೆ ಬಂದು ತಹಸೀಲ್ದಾರರ ಎದುರು ನಿಂತು ಅದೇ ಮಾತು ಕೇಳುತ್ತಿದ್ದಳು. ತಹಸೀಲ್ದಾರರು ಬದಲಾಗುತ್ತಿದ್ದರು. ಹಳಬರು ಹೊಸಬರಿಗೆ ಚಾರ್ಜು ಕೊಡುವಾಗ ಕೆರೆ ಒತ್ತುವರಿ, ಸ್ಮಶಾನದ ತಕರಾರು ಎಲ್ಲ ಹೇಳಿ, ಕೊನೆಗೆ "ಒಬ್ಬ ಹೆಂಗಸು ಬರುತ್ತೆ, ಕಾಫಿ ಕೊಟ್ಟು ಕಳಿಸಿ" ಎನ್ನುತ್ತಿದ್ದರು. ಅವಳು ನನ್ನ ಚಿಕ್ಕಮ್ಮ ಎಂದು ಗೊತ್ತಾದ ಮೇಲೆ ಶಿರಸ್ತೇದಾರರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಅದರಿಂದ ನನಗೆ ಕೆಲಸ ಕಡಿಮೆಯಾಯಿತು.

ಎಂಬತ್ತಮೂರರಲ್ಲಿ ಬೆಂಗಳೂರಿನಲ್ಲಿ ಹೊಸ ಸರ್ಕಾರ ಬಂತು. ಹೊಸ ಮಂತ್ರಿಯೊಬ್ಬರು ಜನರ ಅಹವಾಲು ಕೇಳಲು ನಮ್ಮ ಕಡೆ ಬಂದರು. ಶಾಮಿಯಾನ, ಮೈಕು, ಹಾರ. ಚಿಕ್ಕಮ್ಮನ ಸರದಿ ಬಂದಾಗ ಅವಳು ಮೈಕನ್ನು ಸೌಟು ಹಿಡಿದ ಹಾಗೆ ಹಿಡಿದು ಎಲ್ಲ ಹೇಳಿದಳು. ಮಂತ್ರಿಗಳು ನಿಜವಾಗಿಯೂ ಕೇಳಿಸಿಕೊಂಡರು.

"ತಾಯೀ, ಅದು ಹಿಂದಿನ ಸರ್ಕಾರ ಮಾಡಿದ ಅನ್ಯಾಯ. ನಮ್ಮದು ಬೇರೆ ಸರ್ಕಾರ. ಅವರು ಮಾಡಿದ್ದಕ್ಕೆ ನಾವು ಹೇಗೆ ತಪ್ಪಾಯ್ತು ಅನ್ನೋದು?"

"ಹಂಗಾದ್ರೆ ಕಂದಾಯದ ಹಳೇ ಬಾಕಿ ಯಾಕೆ ಕೇಳ್ತೀರಾ ಸ್ವಾಮಿ?" ಎಂದಳು ಚಿಕ್ಕಮ್ಮ. "ಅದೂ ಹಿಂದಿನ ಸರ್ಕಾರದ್ದೇ ಅಲ್ವಾ?"

ಶಾಮಿಯಾನದೊಳಗೆ ಶಿಳ್ಳೆ ಬಿತ್ತು. ಮಂತ್ರಿಗಳೂ ನಕ್ಕುಬಿಟ್ಟರು. ನಕ್ಕು, ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ತಿಂಗಳೊಳಗೆ ಚಿಕ್ಕಮ್ಮನಿಗೆ ಸರ್ಕಾರದಿಂದ ಒಂದು ಹೊಲಿಗೆ ಮಿಷನ್ ಮಂಜೂರಾಯಿತು.

ಅದನ್ನು ತಲುಪಿಸಲು ಆಗ ತಾನೇ ಬಂದಿದ್ದ ತಹಸೀಲ್ದಾರರು ಖುದ್ದಾಗಿ ಹಳ್ಳಿಗೆ ಬಂದರು. ತೀರ ಎಳೆಯ ವಯಸ್ಸು, ಕನ್ನಡಕ. ಮಿಷನ್ನನ್ನು ಜಗುಲಿಯ ಮೇಲಿಳಿಸಿದ್ದನ್ನು ಚಿಕ್ಕಮ್ಮ ಸುತ್ತ ನಡೆದು ನೋಡಿದಳು.

"ಕತ್ತರಿಸಿದೋರು ನೀವು, ಹೊಲಿಯೋಳು ನಾನಾ?" ಎಂದಳು.

ಆ ಹುಡುಗ ತಹಸೀಲ್ದಾರರಿಗೆ ಅವಮಾನವಾಯಿತೋ ದುಃಖವಾಯಿತೋ. ಜೊತೆಗೆ ಬಂದವರನ್ನು ಜೀಪಿನ ಹತ್ತಿರ ಕಳಿಸಿ, ಮೆಲ್ಲಗೆ, "ಅಮ್ಮಾ, ನಾನಾಗಿ ಹೇಳ್ತಾ ಇದೀನಿ. ತಪ್ಪಾಯ್ತು" ಎಂದರು.

ಚಿಕ್ಕಮ್ಮ ಅವರ ಮುಖ ನೋಡಿದಳು. "ಅವಾಗ ನೀನು ಚಡ್ಡಿ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ ಅನ್ಸುತ್ತೆ ಕಣಪ್ಪ. ನಿಂದು ನನಗ್ಯಾಕೆ? ಆ ಕುರ್ಚಿ ಹೇಳಬೇಕು."

"ಕುರ್ಚಿಗೆ ಬಾಯಿಲ್ಲಮ್ಮ."

"ಆರ್ಡರ್ ಹಾಕೋವಾಗ ಇರುತ್ತಲ್ಲ?"

ಮಿಷನ್ನನ್ನು ಮಾತ್ರ ಅವಳು ವಾಪಸ್ ಕಳಿಸಲಿಲ್ಲ. ಸರ್ಕಾರದ ಮೇಲಿನ ಸಿಟ್ಟಿಗೂ ಒಳ್ಳೆಯ ಕಬ್ಬಿಣಕ್ಕೂ ಸಂಬಂಧವಿಲ್ಲ ಎಂಬುದು ಅವಳ ಲೆಕ್ಕ. ರವಿಕೆ ಹೊಲಿಯುವುದನ್ನು ಕಲಿತಳು, ಮಗಳಿಗೂ ಕಲಿಸಿದಳು.

ಆಮೇಲೆ ನನಗೆ ಮದುವೆಯಾಯಿತು, ಬೇರೆ ತಾಲ್ಲೂಕಿಗೆ ವರ್ಗವಾಯಿತು. ಹಳ್ಳಿಗೆ ಹೋಗುವುದು ಕಡಿಮೆಯಾಯಿತು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಸಲ ನಾನು ಅಲ್ಲಿದ್ದಾಗಲೇ ಮಕ್ಕಳಿಗೆ ಚುಚ್ಚುಮದ್ದು ಹಾಕುವವರು ಬಂದರು. ಊರ ಮುಂದೆ ಜೀಪಿನ ಸದ್ದು ಕೇಳಿದ್ದೇ ತಡ, ಹೆಂಗಸರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲು ಹಾಕಿಕೊಂಡರು. ಸೂಜಿ ಚುಚ್ಚಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಯಾರೋ ಹೇಳಿದ್ದರು. ಆ ಊರಿನಲ್ಲಿ ಅದನ್ನು ಸುಳ್ಳು ಎಂದು ನಂಬಿಸುವುದು ಸುಲಭವಿರಲಿಲ್ಲ. ಚಿಕ್ಕಪ್ಪನಂತೂ ಹಿಪ್ಪುನೇರಳೆ ತೋಟದೊಳಗೆ ಮಾಯವಾಗಿದ್ದ. ಅವನಿಗೆ ಚುಚ್ಚಲು ಯಾರೂ ಬಂದಿರಲಿಲ್ಲ.

ಆರೋಗ್ಯ ಇಲಾಖೆಯ ಹುಡುಗಿ ಪೆಟ್ಟಿಗೆ ಹಿಡಿದುಕೊಂಡು ಖಾಲಿ ಬೀದಿಯಲ್ಲಿ ನಿಂತಿದ್ದಳು. ಚಿಕ್ಕಮ್ಮ ಹೋಗಿ ಅವಳ ಮುಂದೆ ನಿಂತಳು.

"ಇದರಲ್ಲೇನೈತೆ?"

ಹುಡುಗಿ ಹೇಳಿದಳು.

"ಯಾವ ಕಾಯಿಲೆಗೆ? ಚುಚ್ಚಿದ್ರೆ ಏನಾಗುತ್ತೆ? ಜ್ವರ ಬರುತ್ತಾ? ಎಷ್ಟು ದಿನ?"

ಹುಡುಗಿ ಅದನ್ನೂ ಹೇಳಿದಳು. ಗಂಟಲು ಕಟ್ಟುವ ಕಾಯಿಲೆ, ನಾಯಿಕೆಮ್ಮು, ಒಂದು ರಾತ್ರಿ ಜ್ವರ ಬಂದರೂ ಬರಬಹುದು. ಚಿಕ್ಕಮ್ಮ ಕೇಳಿದ್ದನ್ನೇ ಮೂರು ಥರ ತಿರುಗಿಸಿ ಕೇಳಿದಳು. ಜೀಪಿನ ಡ್ರೈವರ್ ಹಾರನ್ ಬಡಿದು, "ಹೊತ್ತಾಗ್ತಾ ಇದೆ ಮೇಡಂ, ಇನ್ನೂ ಮೂರು ಊರು ಐತೆ, ಹಿಡ್ಕೊಂಡು ಚುಚ್ಚಿ ಬಿಸಾಕಿ" ಎಂದು ಕೂಗಿದ. ಚಿಕ್ಕಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ.

"ಒಂದೊಂದು ಮನೆಗೂ ಹೋಗಾಣ" ಎಂದಳು. "ನನಗೆ ಹೇಳಿದ್ದನ್ನ ಅವರಿಗೂ ಹೇಳು. ಬೇಡ ಅಂದ್ರೆ ಬೇಡ. ಹೂಂ ಅಂದ್ರೆ ಚುಚ್ಚು."

ಅದು ನಿಯಮದಲ್ಲಿತ್ತೋ ಇಲ್ಲವೋ, ಹುಡುಗಿ ಚಿಕ್ಕಮ್ಮನ ಹಿಂದೆ ಹೊರಟಳು. ಪ್ರತಿ ಬಾಗಿಲಲ್ಲೂ ಅದೇ ಮಾತು. ಕೆಲವರು ಬೇಡವೆಂದರು. ಹೆಚ್ಚಿನವರು ಚಿಕ್ಕಮ್ಮನ ಮುಖ ನೋಡಿ, ಹುಡುಗಿಯ ಮುಖ ನೋಡಿ, ಮಗುವಿನ ತೊಡೆ ತೋರಿಸಿದರು. ಮುಗಿಯುವ ಹೊತ್ತಿಗೆ ದನಗಳು ಮನೆಗೆ ಬರುತ್ತಿದ್ದವು. ಊರು ತುಂಬ ಮಕ್ಕಳ ಅಳು. ಡ್ರೈವರ್ ಉಳಿದ ಮೂರು ಊರಿನ ಲೆಕ್ಕ ಹೇಳಿ ಗೊಣಗುತ್ತಿದ್ದ. ಚಿಕ್ಕಮ್ಮ ಅವನಿಗೆ ಒಂದು ಲೋಟ ಟೀ ಕೊಟ್ಟು, "ನಾಳೆ ಹೋಗು, ಊರುಗಳು ಎಲ್ಲಿಗೂ ಓಡೋಗಲ್ಲ" ಎಂದಳು.